ಎಂಟು ಸಾಲು ಜೋಳ

ಅರ್ಡಿತ್ ಮೈಂಟ್ಸ್ ಅವರನ್ನು ನಾನು ಮೊದಲು ಕಂಡದ್ದು ಚರಂಡಿಯೊಳಗಿಂದ. ಮಾರ್ಚ್ ತಿಂಗಳು. ಹಿಮ ಕರಗಿ ಜಲ್ಲಿ ರಸ್ತೆಯೆಲ್ಲ ಕೆಸರಾಗಿತ್ತು. ಓದು ಮುಗಿಸಿ ಅಯೋವಾದ ಈ ಕೌಂಟಿಯ ಮಣ್ಣು ಸಂರಕ್ಷಣೆ ಕಚೇರಿಗೆ ಸೇರಿ ನಾಲ್ಕೇ ದಿನವಾಗಿತ್ತು, ಕಾರು ಜಾರಿ ಚರಂಡಿಗೆ ಇಳಿಯಿತು. ಹಳೆಯ ನೀಲಿ ಪಿಕಪ್ ಒಂದು ಬಂದು ನಿಂತಿತು. ಗಂಡಸರ ಕೋಟು ತೊಟ್ಟ ಹೆಂಗಸು ಇಳಿದರು. ಅದರ ತೋಳನ್ನು ಎರಡು ಸುತ್ತು ಮಡಚಿಕೊಂಡಿದ್ದರು. ಸರಪಳಿ ಬಿಗಿಯುತ್ತಲೇ ಕೇಳಿದರು:

"ಯಾರ ಮಗಳಮ್ಮ ನೀನು?"

"ಇಲ್ಲಿಯವಳಲ್ಲ. ನಮ್ಮಪ್ಪ ಹಂದಿ ಸಾಕ್ತಾರೆ, ಉತ್ತರದ ಕಡೆ."

"ಹಂದಿ ಸಾಕೋರ ಮಗಳಾಗಿ ಕೆಸರಲ್ಲಿ ಓಡಿಸೋಕೆ ಬರಲ್ವಾ?"

ಕಾರು ಮೇಲೆ ಬಂತು, ಆದರೆ ಟೈರು ಒಡೆದಿತ್ತು. ಅವರೇ ನನ್ನನ್ನು ಊರಿಗೆ ಕರೆದೊಯ್ದರು. ಎದುರು ಬಂದವರಿಗೆಲ್ಲ ಸ್ಟೇರಿಂಗ್ ಮೇಲಿಂದ, ನಮಸ್ಕಾರವೆಂಬಂತೆ, ಒಂದು ಬೆರಳು ಎತ್ತುವುದು ನಮ್ಮವರ ರೂಢಿ. ಪರಿಚಯ ಬೇಕಿಲ್ಲ. ಅರ್ಡಿತ್ ಎರಡು ಗಾಡಿಗೆ ಎತ್ತಿದರು. ಮೂರನೆಯದು ಹಸಿರು ಪಿಕಪ್. ಅದು ಕಂಡದ್ದೇ ತಡ, ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು, ಮೊಣಕಾಲಿನಿಂದ ಸ್ಟೇರಿಂಗ್ ಒತ್ತಿ ಹಿಡಿದರು. ನಾನು ಬಾಗಿಲ ಹಿಡಿ ಗಟ್ಟಿಯಾಗಿ ಹಿಡಿದುಕೊಂಡೆ.

"ಹೆದರ್ಬೇಡ. ಬೆರಳೆತ್ತಿದ ಹಾಗೆ ಅಪ್ಪಿತಪ್ಪಿಯೂ ಅವನಿಗೆ ಕಾಣಬಾರದು, ಅಷ್ಟೇ," ಎಂದರು.

ಟೈರು ಹಾಕುವವನ ಅಂಗಡಿಯ ಮುಂದೆ ಕೂತು ಉಳಿದದ್ದನ್ನು ಹೇಳಿದರು.

ಅದಕ್ಕೆ ಹನ್ನೊಂದು ವರ್ಷದ ಹಿಂದೆ, ಸುಗ್ಗಿ ಶುರುವಾಗುವ ಹೊತ್ತಿಗೆ, ಆಕೆಯ ಗಂಡ ಹಾರ್ಲನ್ ಕ್ಯಾನ್ಸರ್ ಆಗಿ ಹಾಸಿಗೆ ಹಿಡಿದರು. ಸುಗ್ಗಿಯಲ್ಲಿ ಒಬ್ಬ ಮಲಗಿದರೆ ಸುತ್ತಲಿನವರು ತಮ್ಮ ಕೆಲಸ ನಿಲ್ಲಿಸಿ, ಕಟಾವು ಮಿಷನ್ ತಂದು, ಒಂದೇ ದಿನದಲ್ಲಿ ಅವನ ಹೊಲ ಕೊಯ್ದು ಕೊಡುತ್ತಾರೆ. ಆ ಶನಿವಾರ ಏಳು ಮಿಷನ್ ಬಂದವು. ಬೇಲಿಯಾಚೆಯ ಡ್ವೇನ್ ಫ್ರೆರಿಕ್ಸ್, ಆ ಹಸಿರು ಪಿಕಪ್‌ನವನು, ಬರಲಿಲ್ಲ. ಇಪ್ಪತ್ತು ವರ್ಷ ಹಾರ್ಲನ್ ಅವರ ಬಿತ್ತನೆ ಯಂತ್ರದಲ್ಲೇ ಬಿತ್ತಿದವನು ಅವನು. ಅದೇ ದಿನ ತನ್ನ ಸೋಯಾ ಕೊಯ್ಯುತ್ತಿದ್ದ. ಅದರ ಧೂಳು ಬೇಲಿ ದಾಟಿ, ಹೆಂಗಸರು ಬೇಯಿಸಿ ತಂದಿಟ್ಟ ಹಣ್ಣಿನ ಪೈಗಳ ಮೇಲೆ ಕೂರುತ್ತಿತ್ತು. ಅರ್ಡಿತ್ ಬೇಲಿಯ ಹತ್ತಿರ ಹೋಗಿ ಕೂಗಿದರು. ಅವನು ಮಿಷನ್‌ನಿಂದ ಇಳಿಯಲೂ ಇಲ್ಲ.

"ನಾಳೆ ಮಳೆಯಂತೆ ಅರ್ಡಿತ್. ನಂದು ನಾನು ಕೊಯ್ಕೋಬೇಕು," ಎಂದ. ಬೆರಳೆತ್ತಿ ಮುಂದೆ ಹೋದ.

"ಮಳೆ ಬಂತಾ?" ಎಂದು ಕೇಳಿದೆ.

"ಒಂದು ಹನಿ ಇಲ್ಲ. ಹಾರ್ಲನ್ ಕಿಟಕಿ ಹತ್ತಿರ ಮಲಗಿದ್ರು. 'ಡ್ವೇನ್ ಮಿಷನ್ ಕಾಣ್ತಿಲ್ವಲ್ಲೇ' ಅಂದ್ರು. 'ಆ ತುದೀಲಿದ್ದಾನೆ' ಅಂದೆ. ಹತ್ತು ದಿನಕ್ಕೆ ಹೋಗ್ಬಿಟ್ರು. ಸಾಯೋ ಗಂಡನಿಗೆ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದಾನೆ ಅವನು. ಬಿಡಲ್ಲ ನಾನು."

ನಾನು ಈ ಊರಿಗೆ ಬಂದು ಮೂರು ವರ್ಷ ಕಳೆಯಿತು. ಅಕ್ಟೋಬರಿನಲ್ಲಿ ಡ್ವೇನ್ ಕಣಜದ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಚರ್ಚಿನ ಕೆಲಸಕ್ಕೆಲ್ಲ ಮುಂದಾಗುವ ಕರ್ಟ್ ಎಂಬಾತ ಅರ್ಡಿತ್ ಮನೆಗೆ ಬಂದಾಗ ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ.

"ಶನಿವಾರ ಡ್ವೇನ್ ಹೊಲ, ಅಕ್ಕ. ನೀವು ಬರ್ದಿದ್ರೂ ಯಾರೂ ಏನೂ ಅನ್ಕೊಳ್ಳಲ್ಲ."

"ಯಾಕೆ ಬರಬಾರ್ದು? ಸೊಂಟ ಮುರಿದಿರೋದು ಅವನದು, ನನ್ನ ಮಿಷನ್‌ದಲ್ಲ. ಮನೆ ಮುಂದಿನ ತುಂಡು ನನಗೆ ಬಿಡು."

"ಏನೋ ಇದೆ ನಿಮ್ಮ ಮನಸ್ಸಲ್ಲಿ."

"ಇದೆ. ಪೈ ತರ್ತೀನಿ."

ಶನಿವಾರ ಎಂಟು ಮಿಷನ್ ಸೇರಿದವು. ಆಕೆಯ ಮಿಷನ್ ಒಂದು ಸಲಕ್ಕೆ ಎಂಟು ಸಾಲು ಮೆಕ್ಕೆಜೋಳ ಕೊಯ್ಯುತ್ತದೆ. ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ, ದಾರ ಹಿಡಿದಂತೆ ಕೊಯ್ದರು. ಸಂಜೆ ನಾಲ್ಕಕ್ಕೆ ಎಲ್ಲರ ಪಾಲೂ ಮುಗಿದಿತ್ತು. ಡ್ವೇನ್ ಅಡುಗೆಮನೆಯ ಕಿಟಕಿಗೆ ನೇರ ಎದುರಾಗಿ ಒಂದೇ ಪಟ್ಟಿ ಉಳಿದಿತ್ತು. ಅಲ್ಲಿಗೆ ಅರ್ಡಿತ್ ಮಿಷನ್ ನಿಲ್ಲಿಸಿ ಇಳಿದರು. ಪೈ ಎತ್ತಿಕೊಂಡು ಜಗಲಿಗೆ ನಡೆದರು. ನಾನು ಅಲ್ಲಿ ಕಾಫಿ ಬಗ್ಗಿಸುತ್ತಿದ್ದೆ. ಡ್ವೇನ್ ಊರುಗೋಲಿನ ಮೇಲೆ ಬಾಗಿ ನಿಂತಿದ್ದ.

"ಅರ್ಡಿತ್, ಎಂಟು ಸಾಲು ಬಿಟ್ಟಿದೀಯಲ್ಲ!"

ಆಕೆ ಪೈಯನ್ನು ಜಗಲಿಯ ಕಟಕಟೆಯ ಮೇಲಿಟ್ಟರು.

"ನಾಳೆ ಮಳೆಯಂತೆ ಡ್ವೇನ್. ನಂದು ನಾನು ಕೊಯ್ಕೋಬೇಕು."

ಆಕಾಶದಲ್ಲಿ ಹತ್ತಿ ಎಳೆಯಷ್ಟೂ ಮೋಡವಿರಲಿಲ್ಲ. ಡ್ವೇನ್ ಮುಖ ಕೆಂಪಾಯಿತು. ಆಮೇಲೆ ಕರ್ಟ್ ಕಡೆ ನೋಡಿದ. ಕರ್ಟ್ ಸ್ಯಾಂಡ್‌ವಿಚ್ ಅಗಿದು ಮುಗಿಸಿ, ಕೈ ಒರೆಸಿಕೊಂಡು ಹೇಳಿದ: "ಆ ತುಂಡು ಅಕ್ಕನ ಪಾಲಿಂದು. ನಾವು ಕೈ ಹಾಕಲ್ಲ."

ಯಾರೂ ಕೈ ಹಾಕಲಿಲ್ಲ. ಚಳಿಗಾಲವಿಡೀ ಆ ಎಂಟು ಸಾಲು ಹಿಮದಲ್ಲಿ ಗರಗರ ಸದ್ದು ಮಾಡುತ್ತ ನಿಂತವು. ಜಿಂಕೆಗಳು ಬಂದು ತಿಂದವು. ರಸ್ತೆಗೆ ಹಿಮ ಹಾರದಂತೆ ತಡೆಯಲು ತಾನೇ ಹೇಳಿ ಉಳಿಸಿದ್ದೆಂದು ಡ್ವೇನ್ ಹೊರಗಿನವರಿಗೆ ಹೇಳಿ ನೋಡಿದ. ಆದರೆ ಹಿಮಕ್ಕೆ ಬಿಡುವ ಸಾಲು ರಸ್ತೆಯ ಪಕ್ಕದಲ್ಲಿರುತ್ತದೆ, ಅಡುಗೆಮನೆಯ ಕಿಟಕಿಯ ಮುಂದಲ್ಲ. ನಮ್ಮ ಕಡೆ ಹೊಲ ಓದಲು ಬಾರದವರಿಲ್ಲ.

ಮಾರ್ಚಿನಲ್ಲಿ ಅವನೇ ಕುಂಟುತ್ತ ಕೊಯ್ದ. ಅಷ್ಟರಲ್ಲಿ ತೆನೆಯೆಲ್ಲ ನೆಲಕ್ಕೆ ಬಿದ್ದಿತ್ತು. ಬೇಸಿಗೆಯಲ್ಲಿ ಹೊಲಪೂರ್ತಿ ಸೋಯಾ ಹಾಕಿದ. ಬಿದ್ದ ಕಾಳು ಮೊಳೆತು, ಸೋಯಾದ ನಡುವೆ ಎಂಟು ಸಾಲಿನಗಲಕ್ಕೆ ಜೋಳ ತಲೆಯೆತ್ತಿ ನಿಂತಿತು. ಭಾನುವಾರ ಚರ್ಚಿನಿಂದ ಹಿಂದಿರುಗುವವರು ಅಲ್ಲಿ ಗಾಡಿ ನಿಧಾನ ಮಾಡುತ್ತಿದ್ದರು. ನಾನೂ ಮಾಡಿದೆ. ಸುಳ್ಳೇಕೆ, ನನಗೂ ಖುಷಿಯಾಗಿತ್ತು.

"ಈಗ ಸಾಕಾಯ್ತಾ?" ಎಂದು ಅರ್ಡಿತ್ ಅವರನ್ನು ಕೇಳಿದೆ.

"ಜೋಳದ ಲೆಕ್ಕ ತೀರ್ತು. ಬೆರಳಿಂದು ಹಾಗೇ ಇದೆ."

ಅರ್ಡಿತ್ ಅವರಿಗೆ ಈಗ ಎಪ್ಪತ್ತಮೂರು. ಹೊಲವನ್ನು ತಂಗಿಯ ಮಗಳಿಗೆ ವಹಿಸಿದ್ದಾರೆ. ವಾರಕ್ಕೆ ಮೂರು ದಿನ ಚರ್ಚಿನ ಅಡುಗೆಮನೆಯಿಂದ, ಅಡುಗೆ ಮಾಡಿಕೊಳ್ಳಲಾಗದ ಮುದುಕರ ಮನೆಗಳಿಗೆ ಊಟ ತಲುಪಿಸುತ್ತಾರೆ. ಡ್ವೇನ್ ಮನೆಗೂ ಅವರೇ ಕೊಂಡೊಯ್ಯುತ್ತಾರೆ. ಊಟ ಬಿಸಿಯಾಗಿಯೇ ಇರುತ್ತದೆ. ಡಬ್ಬಿಯನ್ನು ಜಗಲಿಯ ಮೇಲಿಟ್ಟು, ಗಂಟೆ ಒತ್ತಿ, ಅವನು ಬಾಗಿಲು ತೆರೆಯುವ ಮೊದಲೇ ಪಿಕಪ್ ತಿರುಗಿಸಿಕೊಂಡು ಹೋಗುತ್ತಾರೆ.