ಒರೆಸಿದರೂ ಹೋಗದ ಹಳದಿ

ಎಳೆಮಕ್ಕಳಿಗೆ ನೀರು ಹಾಕುವುದರಲ್ಲಿ ನಮ್ಮೂರಿನಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಇದನ್ನು ನಾನೂ ಹೇಳಿಕೊಳ್ಳುತ್ತಿದ್ದೆ, ಊರಿನವರೂ ಹೇಳುತ್ತಿದ್ದರು. ಮೊದಲು ಹೇಳಿದ್ದು ಯಾರೆಂದು ಈಗ ನೆನಪಿಲ್ಲ, ಬಹುಶಃ ನಾನೇ ಇರಬೇಕು. ಹಂಪಾಪುರದಿಂದ ಎರಡು ಮೈಲಿ ಒಳಗಿನ ಸಣ್ಣ ಊರು ನಮ್ಮದು. ಯಾರ ಮನೆಯಲ್ಲಿ ಹೆರಿಗೆಯಾದರೂ ನನಗೆ ಕರೆ ಬರುತ್ತಿತ್ತು. ಬಚ್ಚಲಲ್ಲಿ ಮಣೆ ಹಾಕಿ ಕುಳಿತು, ಎರಡೂ ಕಾಲು ಚಾಚಿ, ಮಗುವನ್ನು ಅದರ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ಕಡಲೆಹಿಟ್ಟಿಗೆ ಅರಿಶಿನ ಕಲಸಿ ಬಳಿದು, ಹದವಾದ ಬಿಸಿನೀರು ಹೊಯ್ದೆನೆಂದರೆ ಎಂಥ ರಚ್ಚೆ ಹಿಡಿದ ಮಗುವೂ ಮಧ್ಯಾಹ್ನದವರೆಗೆ ನಿದ್ದೆ ಹೋಗಬೇಕು. ಅರಿಶಿನದ ವಿಷಯದಲ್ಲಿ ನನ್ನ ಕೈ ಧಾರಾಳ. ನನ್ನ ಕೈಯಿಂದ ಎದ್ದ ಮಗು ಆಗತಾನೆ ಪೂಜೆಯಾದ ಗೌರಿಯ ಹಾಗೆ ಕಾಣಬೇಕು ಎಂಬುದು ನನ್ನ ಹಟ.

ನನಗೆ ಒಬ್ಬಳೇ ಮಗಳು. ಪಿರಿಯಾಪಟ್ಟಣದ ಕಡೆ, ಹೊಗೆಸೊಪ್ಪು ಬೆಳೆಯುವ ಮನೆಗೆ ಕೊಟ್ಟಿದ್ದೆವು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಅವಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಅವಳ ಅತ್ತೆ, ಅಂದರೆ ನನ್ನ ಬೀಗಿತ್ತಿ, ಕಳಿಸುವಾಗಲೇ ಒಂದು ಮಾತು ಹೇಳಿದ್ದರು.

"ಒಂದ್ ಕಿತ ಕ್ವಾಟೆ ಆಸ್ಪತ್ರೆಗೆ ತೋರ್ಸಿ ಬೀಗಿತ್ತಮ್ಮ. ಎರಿಗೆನೂ ಅಲ್ಲೇ ಮಾಡ್ಸಿದ್ರೆ ಒಳ್ಳೇದು."

ಹೆಗ್ಗಡದೇವನಕೋಟೆಯ ಆಸ್ಪತ್ರೆ! ನನಗೆ ಮೈಯೆಲ್ಲ ಉರಿದುಹೋಯಿತು. "ನಮ್ ಮನೇಲಿ ಮೂರು ತಲೆಯಿಂದ ಯಾರೂ ಆಸ್ಪತ್ರೇಲಿ ಎತ್ತಿಲ್ಲ ಕಣ್ರೀ. ನಮ್ ಮಗಳನ್ನ ನಾವ್ ನೋಡ್ಕತೀವಿ ಬುಡಿ," ಎಂದೆ. ಆಕೆ ಸುಮ್ಮನಾದರು. ಗೆದ್ದೆ ಎಂದು ನಾನು ಅಂದುಕೊಂಡೆ.

ಹೆರಿಗೆ ಮನೆಯಲ್ಲೇ ಆಯಿತು. ಹೆಣ್ಣುಮಗು. ಸೂಲಗಿತ್ತಿ ಹೊಕ್ಕಳು ಕೊಯ್ದು ಕೈಗಿಟ್ಟಾಗ ಗಟ್ಟಿಯಾಗಿಯೇ ಅತ್ತಿತು. ಬಾಣಂತಿ ಕೋಣೆಯ ಕಿಟಕಿಗೆ ಗೋಣಿ ತುರುಕಿ, ಬಾಗಿಲಿಗೆ ಬೇವಿನಸೊಪ್ಪು ಸಿಕ್ಕಿಸಿ, ಒಳಗೊಂದು ಹರಳೆಣ್ಣೆ ದೀಪ ಹಚ್ಚಿಟ್ಟೆ. ಬಾಣಂತಿಗೆ ಗಾಳಿ ತಾಕಬಾರದು, ಮಗುವಿಗೆ ಬೆಳಕು ಹೊಡೆಯಬಾರದು. ಅಯ್ಯನವರು ಬಂದು ಮಗುವಿಗೆ ಲಿಂಗ ಕಟ್ಟಿ ಹೋದರು. ಬೇರೆಯವರ ಮಕ್ಕಳಿಗೆ ಮೂರನೆಯ ದಿನದಿಂದ ನೀರು ಹಾಕುವವಳು ನಾನು. ಸ್ವಂತ ಮೊಮ್ಮಗಳಿಗೆ ತಡೆಯಲಾಗದೆ ಮರುದಿನವೇ ಹಾಕಿದೆ. ದಿನಕ್ಕೆ ಎರಡು ಸಲ ಅರಿಶಿನ.

ನಾಲ್ಕನೆಯ ದಿನ ಬೀಗಿತ್ತಿ ಮಗು ನೋಡಲು ಬಂದು ನಮ್ಮಲ್ಲೇ ಉಳಿದರು. ದೀಪದ ಬೆಳಕಿನಲ್ಲಿ ಬಗ್ಗಿ ನೋಡಿ, "ಎಂಥಾ ಬಣ್ಣ! ಚಿನ್ನ ಚಿನ್ನ ಇದ್ದಂಗದೆ," ಎಂದರು. ಆಕೆಯ ಬಾಯಿಂದ ಹೊಗಳಿಕೆ ಬಂದದ್ದು ನನಗೆ ಎಷ್ಟು ಹಿತವಾಯಿತೆಂದರೆ ಆ ರಾತ್ರಿಯ ಊಟಕ್ಕೆ ಶ್ಯಾವಿಗೆ ಪಾಯಸ ಮಾಡಿದೆ.

ಮಗಳು ಮಾತ್ರ ಅಂದೇ ಹೇಳಿದಳು. "ಅವ್ವ, ಮಗ ಯಾಕೋ ಆಲು ಸರ್ಯಾಗಿ ಕುಡೀತಿಲ್ಲ ಕಣವ್ವ. ಬಾಯಿಗಿಟ್ಟರೆ ಅಂಗೇ ನಿದ್ದೆ ವೋಯ್ತದೆ."

"ಸಾಧು ಮಗ ಕಣೆ. ನಿನ್ನಂಗೆ ರಂಪ ಮಾಡಲ್ಲ ಅದು. ಕುಡ್ಸೋಕೆ ಮೊದ್ಲು ನೀನ್ ಕಲಿ," ಎಂದು ಗದರಿದೆ. ಅವಳು ಮತ್ತೆ ಹೇಳಲಿಲ್ಲ. ನನ್ನ ಬಾಯಿಗೆ ಹೆದರಿ ಸುಮ್ಮನಾದಳೆಂದು ಆಮೇಲೆ ಗೊತ್ತಾಯಿತು.

ಆರನೆಯ ದಿನ ಬೆಳಿಗ್ಗೆ ನೀರು ಕಾಯಿಸಿ ಮಗುವನ್ನು ಎತ್ತಿಕೊಳ್ಳಲು ಹೋದೆ. ಕೈಗೆ ತೆಗೆದುಕೊಂಡರೆ ಕತ್ತು ಒಂದು ಕಡೆ, ಕಾಲು ಒಂದು ಕಡೆ. ಮೈಯಲ್ಲಿ ಬಿಗಿಯೇ ಇಲ್ಲ. ಅಂಗಾಲಿಗೆ ಬೆರಳಿಂದ ಹೊಡೆದೆ. ಸಣ್ಣಗೆ ಕೀಚಲು ದನಿ ಹೊರಟು ನಿಂತಿತು. ಇಂಥ ಸುಸ್ತಾದ ಮಗುವಿನ ತಲೆಯ ಮೇಲೆ ನೀರು ಹೊಯ್ಯಲು ಕೈ ಬರಲಿಲ್ಲ. ಇವತ್ತು ಒರೆಸಿಬಿಡೋಣವೆಂದು ಹಳೆಯ ಬಿಳಿ ಪಂಚೆಯ ತುಂಡನ್ನು ಬಿಸಿನೀರಲ್ಲಿ ಅದ್ದಿ ಒರೆಸಿದೆ.

ಮೊದಲ ಸಲ ಬಟ್ಟೆಗೆ ಹಳದಿ ಹತ್ತಿತು. ಹಿಂಡಿ ಮತ್ತೆ ಒರೆಸಿದೆ. ಎರಡನೆಯ ಸಲ ಸ್ವಲ್ಪ ಹತ್ತಿತು. ಮೂರನೆಯ ಸಲ ಏನೂ ಹತ್ತಲಿಲ್ಲ, ಬಟ್ಟೆ ಬೆಳ್ಳಗೇ ಇತ್ತು. ಮಗು ಮಾತ್ರ ಹಳದಿಯಾಗಿಯೇ ಇತ್ತು. ಅರಿಶಿನ ಹಿಡಿದುಕೊಂಡಿದೆ ಎಂದು ಸಮಾಧಾನ ಹೇಳಿಕೊಂಡು ಎದೆ ಒರೆಸಿದೆ, ಹೊಟ್ಟೆ ಒರೆಸಿದೆ, ತೊಡೆ ಒರೆಸಿದೆ. ನಾನು ಎಂದೂ ಅರಿಶಿನ ಹಚ್ಚದ ಅಂಗಾಲು ಒರೆಸಿದೆ. ಅದೂ ಹಳದಿ. ಎದ್ದು ಕಿಟಕಿಯ ಗೋಣಿ ಕಿತ್ತೆಸೆದೆ. "ಅವ್ವ, ಗಾಳಿ!" ಎಂದಳು ಮಗಳು. ಬಿಸಿಲಿಗೆ ಹಿಡಿದು ಮಗುವಿನ ರೆಪ್ಪೆ ಬಿಡಿಸಿ ನೋಡಿದೆ. ಕಣ್ಣಿನ ಬಿಳಿಯೂ ಹಳದಿಯಾಗಿತ್ತು. ಕಣ್ಣೊಳಗೆ ಯಾರೂ ಅರಿಶಿನ ಹಚ್ಚುವುದಿಲ್ಲ.

ಆರು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡೆ ಎಂದು ಬೀಗುತ್ತಿದ್ದವಳು ನಾನು. ಆ ಆರು ದಿನವೂ ರೋಗದ ಮೇಲೆ ನಾನೇ ಬಣ್ಣ ಬಳಿಯುತ್ತಿದ್ದೆ.

ಅಂಗಳದಲ್ಲಿ ಆಗಲೇ ಜನ ಸೇರಿದರು. ಪಕ್ಕದ ಮನೆಯ ಮುದುಕಿ, "ಕಾಮಾಲೆ ಕಣಮ್ಮಿ. ಒಟ್ಟೆ ಮೇಲೆ ಬರೆ ಆಕ್ಸಿ, ಬಿಸಿ ತಾಕ್ತಿದ್ದಂಗೆ ಇಳೀತದೆ," ಎಂದಳು. ಬೇರೆಯವರ ಮಕ್ಕಳಿಗೆ ಹಾಗೆ ಹಾಕಿಸಿದ್ದನ್ನು ನಾನು ನೋಡಿದ್ದೆ, ಕೆಲವು ಬದುಕಿದ್ದನ್ನೂ ನೋಡಿದ್ದೆ. ನಿಜ ಹೇಳುತ್ತೇನೆ, ನನ್ನ ಮನಸ್ಸು ಆ ಕಡೆ ವಾಲಿತ್ತು. ಬರೆ ಹಾಕಿಸಿದರೆ ಊರಲ್ಲೇ ಮುಗಿಯುತ್ತದೆ; ಆಸ್ಪತ್ರೆಗೆ ಹೋದರೆ ಯಾವಾಗಿನಿಂದ ಎಂದು ಕೇಳುತ್ತಾರೆ.

ಬೀಗಿತ್ತಿ ಜಗಲಿಯಿಂದ ಇಳಿದು ಬಂದರು. ಅಲ್ಲಿಯವರೆಗೆ ನನ್ನ ಮನೆಯಲ್ಲಿ ದನಿ ಎತ್ತದ ಹೆಂಗಸು ಅವರು. "ನನ್ ಮೊಮ್ಮಗೀನ್ನ ಯಾರೂ ಸುಡಂಗಿಲ್ಲ. ಗಾಡಿ ಕಟ್ಸಿ," ಎಂದರು. ನನ್ನ ಯಜಮಾನರು ಗಾಡಿಗೆ ಎತ್ತು ಹೂಡಲು ಹೋದರು.

ಹಂಪಾಪುರಕ್ಕೆ ಗಾಡಿ, ಅಲ್ಲಿ ಮೊದಲು ಸಿಕ್ಕಿದ್ದು ಕೋಟೆಯ ಕಡೆಯಿಂದ ಬಂದ ಮೈಸೂರು ಬಸ್ಸು. ಹಸಿ ಬಾಣಂತಿಯನ್ನು ಕಂಬಳಿ ಹೊದಿಸಿ ಕಿಟಕಿಯಿಂದ ದೂರ ಕೂರಿಸಿದೆವು. ಮಗು ನನ್ನ ತೊಡೆಯ ಮೇಲೆ. ಬಸ್ಸು ಕುಲುಕಿದಾಗಲೆಲ್ಲ ಅದರ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ಆ ಕುಲುಕಾಟದಲ್ಲಿ ಉಸಿರು ತಾಕಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಆಗ ಮಗುವಿನ ಎದೆಗೆ ಕಿವಿ ಇಡುತ್ತಿದ್ದೆ. ಎದುರು ಸೀಟಿನವರೊಬ್ಬರು "ಮಗ ಎಷ್ಟ್ ಲಕ್ಷಣವಾಗಿ ಮನಗದೆ," ಎಂದಾಗ ಅವರ ಮೇಲೆ ಎಗರಿಬೀಳುವಷ್ಟು ಕೋಪ ಬಂತು. ಅಷ್ಟು ದಿನ ನಾನೇ ಆಡುತ್ತಿದ್ದ ಮಾತು ಅದು.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಮಗುವನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರು. ಹಣೆ ಒತ್ತಿದರು, ಹೊಟ್ಟೆ ಒತ್ತಿದರು, ಅಂಗಾಲು ಒತ್ತಿದರು. ಮುಖ ಬಿಗಿಯಾಯಿತು.

"ಹಳದಿ ಯಾವತ್ತಿಂದ?"

"ಇವತ್ತು ಬೆಳಿಗ್ಗೆ ನೋಡ್ದೆ ಕಣವ್ವ," ಎಂದೆ. ಸುಳ್ಳಲ್ಲ, ನಿಜವೂ ಅಲ್ಲ.

"ನೀವು ನೋಡಿದ್ದು ಬೇಡಮ್ಮ. ಶುರುವಾದದ್ದು ಯಾವತ್ತು? ಹುಟ್ಟಿದ ಮಾರನೇ ದಿನಾನೇ ಇತ್ತಾ, ಆಮೇಲೆ ಬಂತಾ? ಅದರ ಮೇಲೆ ನಾನು ಏನು ಮಾಡಬೇಕು ಅಂತ ನಿಂತಿದೆ."

ಪಕ್ಕದ ಬೆಂಚಿನ ಮೇಲೆ ಮಗಳು. ಅವಳ ಹಿಂದೆ ಬೀಗಿತ್ತಿ. ಮೂರು ತಲೆಯಿಂದ ನಾವು ಆಸ್ಪತ್ರೆ ಕಂಡಿಲ್ಲ ಎಂದು ಎದೆಯುಬ್ಬಿಸಿ ಹೇಳಿದ್ದು ಇದೇ ಬೀಗಿತ್ತಿಯ ಎದುರು. ಡಾಕ್ಟರಮ್ಮ ಕಾಯುತ್ತಿದ್ದರು.

"ಗೊತ್ತಿಲ್ಲ ಕಣವ್ವ," ಎಂದೆ. "ನಾನು ದಿನಾ ಎರಡೊತ್ತು ಅರಿಶಿನ ಬಳ್ದಿವ್ನಿ. ಕ್ವಾಣೆನೂ ಕತ್ಲೆ. ಮೊದಲ್ನೇ ದಿನದಿಂದ್ಲೇ ಇತ್ತೇನೋ, ನನ್ ಕಣ್ಣಿಗೆ ಕಾಣ್ಲಿಲ್ಲ. ನಾಕ್ನೇ ದಿನದಿಂದ್ಲೇ ಮಗ ಮಂಕಾಗಿತ್ತು. ಸಾಧು ಮಗ ಅಂದ್ಕಂಡೆ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಗಳು ನನ್ನನ್ನು ಒಂದು ಸಲ ನೋಡಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಆ ನೋಟ ಈಗಲೂ ನನ್ನ ಕಣ್ಣ ಮುಂದೆ ಬರುತ್ತದೆ.

ತಾಯಿಯ ರಕ್ತಕ್ಕೂ ಮಗುವಿನ ರಕ್ತಕ್ಕೂ ಒಗ್ಗಿಲ್ಲವಂತೆ. ಮಗುವಿನ ಮೈಯ ರಕ್ತವನ್ನು ಸ್ವಲ್ಪ ಸ್ವಲ್ಪವೇ ತೆಗೆದು ಬೇರೆ ರಕ್ತ ತುಂಬಬೇಕಂತೆ. ಬದುಕುತ್ತದೆ ಎಂದೂ ಅವರು ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ನಾನು ತೋಳು ಚಾಚಿ ಮುಂದೆ ನಿಂತೆ. ಬೆರಳು ಚುಚ್ಚಿ ನೋಡಿ, ನಿಮ್ಮದು ಆಗುವುದಿಲ್ಲ ಎಂದರು. ಯಜಮಾನರದ್ದೂ ಆಗಲಿಲ್ಲ. ಬೀಗಿತ್ತಿಯದ್ದು ಆಯಿತು. ಒಮ್ಮೆ ಹೋದ ರಕ್ತ ಮತ್ತೆ ಬರುವುದಿಲ್ಲ ಎಂದು ನಂಬಿದ್ದ ಕಾಲ ಅದು; ಆಕೆಗೂ ಭಯವಿತ್ತು. ಕೈಬಳೆ ಮೇಲೆ ಸರಿಸಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ, "ಎಷ್ಟ್ ಬೇಕೋ ಅಷ್ಟ್ ತಗಳ್ರವ್ವ," ಎನ್ನುತ್ತಾ ಒಳಗೆ ಹೋದರು.

ಮಗುವಿನ ಕೊರಳ ಲಿಂಗವನ್ನು ಬಿಚ್ಚಿ ನರ್ಸು ನನ್ನ ಕೈಗೆ ಕೊಟ್ಟಳು. ಬಾಗಿಲು ಮುಚ್ಚಿತು. ಹೊರಗೆ ನೆಲದ ಮೇಲೆ ಕುಳಿತು ಆ ಪುಟ್ಟ ಬಟ್ಟೆಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಅದರಿಂದಲೂ ಅರಿಶಿನದ ವಾಸನೆ ಬರುತ್ತಿತ್ತು. ನಾನು ಗಂಡನನ್ನು ಹೆದರಿಸಿದವಳು, ಬಾಯಿಮಾಡಿ ಶಾನುಭೋಗರನ್ನು ಅಂಗಳದಿಂದ ಓಡಿಸಿದವಳು. ಆ ದಿನ ಬಾಗಿಲ ಹತ್ತಿರ ಯಾರ ಹೆಜ್ಜೆ ಸದ್ದಾದರೂ ಉಚ್ಚೆ ಬಂದಂತಾಗುತ್ತಿತ್ತು. ಮಾದಪ್ಪ, ಈ ಮಗುವನ್ನು ಉಳಿಸಿಕೊಡು, ಇನ್ನು ಯಾವ ಮಗುವಿಗೂ ನಾನು ನೀರು ಹಾಕುವುದಿಲ್ಲ ಎಂದು ಹರಕೆ ಹೊತ್ತೆ. ಕೊಡಲು ನನ್ನಲ್ಲಿ ಅದಕ್ಕಿಂತ ದೊಡ್ಡದು ಬೇರೇನೂ ಇರಲಿಲ್ಲ.

ಮಗು ಉಳಿಯಿತು. ಹತ್ತಾರು ದಿನ ಅಲ್ಲೇ ಇದ್ದೆವು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದರು: "ಜೀವಕ್ಕೆ ಭಯವಿಲ್ಲ. ಆದರೆ ಹಳದಿ ಇಷ್ಟು ಏರಿದ ಮಕ್ಕಳಿಗೆ ಕಿವಿ ಹೋಗಬಹುದು. ಗಮನ ಇಟ್ಟು ನೋಡ್ತಾ ಇರಿ."

ಅಲ್ಲಿಂದ ಶುರುವಾಯಿತು ನನ್ನ ಇನ್ನೊಂದು ಭಯ. ಮಗಳು ಹಿತ್ತಲಿಗೆ ಹೋದಾಗ ತೊಟ್ಟಿಲ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಸೌಟು ಬೀಳಿಸುತ್ತಿದ್ದೆ. ಒಂದು ದಿನ ಬೆಚ್ಚಿದಂತೆ ಕಂಡಿತು, ಮರುದಿನ ಅಲುಗಲಿಲ್ಲ. ಒಂದು ಮಧ್ಯಾಹ್ನ ಕಂಚಿನ ತಟ್ಟೆಯನ್ನೇ ಎತ್ತಿ ಹಾಕಿದೆ. ಬೀದಿಯ ನಾಯಿ ಎದ್ದು ಓಡಿತು, ಮಗು ತೊಟ್ಟಿಲಿಗೆ ಕಟ್ಟಿದ ಗೊಂಬೆಯನ್ನೇ ನೋಡುತ್ತಿತ್ತು. ತಿರುಗಿದರೆ ಬಾಗಿಲಲ್ಲಿ ಮಗಳು.

"ನಾನೂ ದಿನಾ ತಟ್ ನೋಡ್ತೀನಿ ಕಣವ್ವ," ಎಂದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ತಾನಾಗಿ ನನ್ನೊಡನೆ ಆಡಿದ ಮೊದಲ ಮಾತು ಅದು. ಇಬ್ಬರೂ ತೊಟ್ಟಿಲ ಆಚೀಚೆ ಕುಳಿತು ಅತ್ತೆವು.

ಐದು ತಿಂಗಳಿಗೆ ಬೀಗಿತ್ತಿ ತಾಯಿ ಮಗುವನ್ನು ಕರೆದೊಯ್ಯಲು ಬಂದರು. ಅಷ್ಟು ದಿನವೂ ಮಗುವಿಗೆ ನೀರು ಹಾಕಿದ್ದು ಸೂಲಗಿತ್ತಿ. ಹೊರಡುವ ದಿನ ಬೆಳಿಗ್ಗೆ ಬೀಗಿತ್ತಿ ಮಗುವನ್ನು ತಂದು ನನ್ನ ಮುಂದೆ ಹಿಡಿದರು.

"ಇವತ್ತು ನೀವೇ ನೀರ್ ಉಯ್ಯಿ."

"ಮಾದಪ್ಪಂಗೆ ಮಾತ್ ಕೊಟ್ಟಿವ್ನಿ. ಆಗಲ್ಲ."

"ತಪ್ಪುಕಾಣಿಕೆ ನಾನ್ ಆಕ್ತೀನಿ ಬುಡಿ. ಅಜ್ಜಿ ಕೈಲಿ ನೀರ್ ಉಯ್ಸ್‌ಕಳ್ದೆ ಮಗೀನ್ನ ಕರ್ಕೊಂಡ್ ಓಗಾಕಿಲ್ಲ ನಾನು."

ಬಚ್ಚಲ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಬೆಳಕಿನಲ್ಲಿ ಕುಳಿತೆ. ಅರಿಶಿನದ ಬಟ್ಟಲು ಗೂಡಿನಲ್ಲೇ ಇತ್ತು, ಮುಟ್ಟಲಿಲ್ಲ. ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡೆ. ಅದರ ಮುಖ ನನ್ನ ಪಾದದ ಕಡೆ. ಮೊದಲ ಚೊಂಬು ಬೆನ್ನಿಗೆ ಬೀಳುತ್ತಲೇ ಮನೆ ಹಾರಿಹೋಗುವಂತೆ ಕಿರುಚಿತು. ಸಾಧು ಮಗು ಬೇಕೆಂದಿದ್ದ ನನಗೆ ಆ ಕಿರುಚಾಟ ಕೇಳಿ ಜೀವ ಬಂತು. ಅಭ್ಯಾಸಬಲದಿಂದ ಬಾಯಲ್ಲಿ ಬಂತು: "ಆಯ್ತು ಕಣವ್ವ ಆಯ್ತು, ನನ್ ಪುಟ್ಟವ್ವ, ಆಯ್ತು." ಮಗು ಅಳು ನಿಲ್ಲಿಸಿತು. ಒದ್ದೆ ತಲೆಯನ್ನು ಕಷ್ಟಪಟ್ಟು ಎತ್ತಿ, ಬಲಭುಜದ ಮೇಲಿಂದ ನನ್ನನ್ನು ಹುಡುಕಿತು.

ಕಿವಿ ಕೇಳುತ್ತಿದೆ ಎಂಬುದನ್ನು ಬೀಗಿತ್ತಿಯೂ ಕಂಡರು. ನಾನು ಎಡಕ್ಕೆ ಬಾಗಿ ಅದೇ ಮಾತನ್ನು ಮೆಲ್ಲಗೆ ಹೇಳಿದೆ. ಮಗು ಮತ್ತೆ ಬಲಕ್ಕೇ ತಿರುಗಿತು. ಮೂರು ಸಲ ಎಡಗಡೆಯಿಂದ ಕರೆದೆ, ಮೂರು ಸಲವೂ ಬಲಗಡೆಗೇ ಹುಡುಕಿತು. ಚೊಂಬು ನನ್ನ ಕೈಯಿಂದ ಜಾರಿತು.

ಬೀಗಿತ್ತಿ ಅದನ್ನು ಎತ್ತಿ ಹಂಡೆಯಿಂದ ನೀರು ತುಂಬಿ ನನ್ನ ಕೈಗೆ ಕೊಟ್ಟರು. "ಒಂದ್ ಕಡೆ ಕೇಳ್ತದಲ್ಲ. ಬಲಗಡೆಯಿಂದ್ಲೇ ಕರಿಯಾನ ಬುಡಿ," ಎಂದರು.

ಅಂದಿನಿಂದ ಎರಡೂ ಮನೆಯಲ್ಲಿ ಮೊಮ್ಮಗಳನ್ನು ಬಲಗಡೆಯಿಂದಲೇ ಕರೆಯುತ್ತೇವೆ. ಅವಳಿಗೆ ಈಗ ಮದುವೆಯಾಗಿದೆ. ಬಂದಾಗಲೆಲ್ಲ ನನ್ನನ್ನು ತನ್ನ ಬಲಕ್ಕೆ ಕೂರಿಸಿಕೊಂಡು ಊರ ಸುದ್ದಿಯೆಲ್ಲ ಕೇಳುತ್ತಾಳೆ, ನಗುತ್ತಾಳೆ. ಎಡಗಿವಿ ಯಾಕೆ ಹೀಗಾಯಿತು ಎಂದು ಮಾತ್ರ ಇದುವರೆಗೆ ಕೇಳಿಲ್ಲ. ಅವಳು ಬಾಯಿ ತೆರೆದಾಗಲೆಲ್ಲ ಅದನ್ನೇ ಕೇಳುತ್ತಾಳೇನೋ ಎಂದು ನನಗೆ ಇವತ್ತಿಗೂ ಹೆದರಿಕೆ.