ಓದಬೇಡ, ಒತ್ತು ಅಂದ ಆಫೀಸಿನಲ್ಲಿ

"ಚದವಕು ಅಮ್ಮಾ, ನೊಕ್ಕೆಯ್!"

ಓದಬೇಡ, ಒತ್ತಿಬಿಡು! ಹೈದರಾಬಾದಿನಲ್ಲಿ ನನಗೆ ಸಿಕ್ಕ ಮೊದಲ ಪಾಠ ಇದು. ಹೇಳಿದವರು ನಮ್ಮ ತಂಡದ ಹಿರಿಯ ರಮಣಣ್ಣ. ಎಲ್ಲರ ಕೋಡ್ ಕೂಡಿಡುವ ಸರ್ವರಿಗೆ ಕೈಹಾಕಿದಾಗಲೆಲ್ಲ ಪರದೆ ಕೇಳುತ್ತಿತ್ತು: ಈ ಸರ್ವರಿನ ಪ್ರಮಾಣಪತ್ರ ನನಗೆ ಪರಿಚಯವಿಲ್ಲ, ನಂಬಲೇ? ಕೆಳಗೆ ಅದರ ಬೆರಳಚ್ಚು, ಅಂದರೆ ಅಂಕಿ-ಅಕ್ಷರಗಳ ಉದ್ದ ಸಾಲು. ಯಾವಾಗಲೂ ನಂಬು ಅಂತ ಪಿ ಅಕ್ಷರ ಒತ್ತಿದರೂ ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಇಡೀ ಆಫೀಸು ಚಾ ಕುಡಿಯುತ್ತಲೇ ಪಿ ಒತ್ತುತ್ತಿತ್ತು! ನಾನು ದಂಗಾದೆ. ಮುದ್ದೇಬಿಹಾಳದಲ್ಲಿ ಯಾರಾದರೂ ಬಾಗಿಲು ಬಡಿದರೆ ನಮ್ಮವ್ವ ಹೆಸರು ಕೇಳಿ, ಯಾರ ಪೈಕಿ ಅಂತಲೂ ಕೇಳಿಯೇ ಚಿಲಕ ತೆಗೆಯುವುದು.

ನಾನು ಮೊಬೈಲಿನಲ್ಲಿ ವಿಡಿಯೊ ನೋಡಿ ಕಂಪ್ಯೂಟರ್ ಕಲಿತವಳು. ಮೂರು ತಿಂಗಳು ನೋಡಿ ಆಮೇಲೆ ಕೆಲಸದ ಪತ್ರ ಕೊಡುತ್ತೇವೆ ಎಂದಿದ್ದರು. ಇಲ್ಲದಿದ್ದರೆ ಶಂಶಾಬಾದಿನ ಹಾಸ್ಟೆಲ್ ಖಾಲಿ ಮಾಡಿ ಊರಿಗೆ ವಾಪಸ್. ಆದರೂ ಆ ಪ್ರಶ್ನೆಯನ್ನು ಬಿಡಲಾಗಲಿಲ್ಲ. ಹುಡುಕಿದಾಗ ಸಿಕ್ಕಿತು: ಕಂಪ್ಯೂಟರ್ ಸಜ್ಜುಮಾಡಿದವರು ಮೊದಲ ಸಲ ಎಲ್ಲವನ್ನೂ ಅಡ್ಮಿನ್ ಹೆಸರಿನಲ್ಲಿ ಓಡಿಸಿದ್ದರು. ಹಾಗಾಗಿ ಒಪ್ಪಿಗೆ ಬರೆದಿಡುವ ಫೋಲ್ಡರಿನಲ್ಲಿ ಬರೆಯುವ ಹಕ್ಕೇ ನಮಗಿರಲಿಲ್ಲ! ನನ್ನ ಮಷೀನಿನಲ್ಲಿ ಅದನ್ನು ಸರಿಪಡಿಸಿದೆ. ಪ್ರಶ್ನೆ ನಿಂತಿತು.

"ಏಂಟಮ್ಮಾ, ನೀ ಮಿಷನ್ ಮೂಗದಯಿಂದಾ?" ಅಂತ ರಮಣಣ್ಣ ಕಿಚಾಯಿಸಿದರು. ಏನಮ್ಮಾ, ನಿನ್ನ ಮಷೀನು ಮೂಕವಾಯಿತಾ? ನಿಮ್ಮದನ್ನೂ ಸರಿಮಾಡಲೇ ಅಂದರೆ "ತರ್ವಾತ" ಅಂದರು. ತರ್ವಾತ ಎಂದರೆ ಆಮೇಲೆ. ಈ ಊರಿನ ಆಮೇಲೆಗೆ ತಾರೀಖು ಇರುವುದಿಲ್ಲ.

ಮೂರು ತಿಂಗಳು ತುಂಬುವ ವಾರ. ಒಂದು ಬೆಳಿಗ್ಗೆ ನನ್ನ ಪರದೆ ಮತ್ತೆ ಕೇಳಿತು. ಬೆರಳಚ್ಚು ಬೇರೆ! ಸುತ್ತ ಎಲ್ಲರೂ ಪಿ ಒತ್ತಿ ಪಾಸ್‌ವರ್ಡ್ ಹೊಡೆಯುತ್ತಿದ್ದರು. ದಿನಾ ಕೇಳುವ ಪ್ರಶ್ನೆಯಲ್ಲವೇ, ಬೆರಳಚ್ಚು ಯಾರು ನೋಡುತ್ತಾರೆ?

"ಇವತ್ತು ಮಧ್ಯಾಹ್ನ ಗಿರಾಕಿಗೆ ಕೋಡ್ ಹೋಗಬೇಕು. ನಿನ್ನಿಂದ ತಡವಾದರೆ ನಿನ್ನ ಪತ್ರದ ವಿಷಯ ನಾನು ಮಾತಾಡುವುದಿಲ್ಲ" ಎಂದರು ರಮಣಣ್ಣ ತೆಲುಗಿನಲ್ಲಿ, ನಾನು ಪಿ ಒತ್ತದೆ ಕೂತದ್ದನ್ನು ಕಂಡು.

ಕೋಠಿಯಲ್ಲಿರುವ ನಮ್ಮ ಕಂಪನಿಯ ಹಳೆ ಆಫೀಸಿಗೆ ಫೋನ್ ಮಾಡಿದೆ. ಸರ್ವರ್ ಇರುವುದು ಅಲ್ಲಿ, ನೋಡಿಕೊಳ್ಳುವವರು ಮಲ್ಲಣ್ಣ. ಅಲ್ಲಿಯವರೆಗೆ ಅವರೊಡನೆ ನಾನು ಮಾತಾಡಿದ್ದೆಲ್ಲ ತೆಲುಗು. ಆದರೆ ಬೆರಳಚ್ಚು ಓದತೊಡಗಿದಾಗ ಗಾಬರಿಗೆ ಬಾಯಿಂದ ಬಂದದ್ದು ಕನ್ನಡ: "ನಾಲ್ಕು, ಎಫ್, ಒಂಬತ್ತು, ಏಳು..."

ಮಲ್ಲಣ್ಣ ನಡುವೆಯೇ ತಡೆದರು. "ನಿಂದ್ರು ತಂಗಿ. ಮತ್ತೊಮ್ಮಿ ಓದು."

ಓದಿದೆ.

"ಇದು ನಮ್ಮ ಸರ್ವರಿಂದು ಅಲ್ಲ! ಯಾರೂ ಪಾಸ್‌ವರ್ಡ್ ಹೊಡಿಬ್ಯಾಡ್ರಿ ಅಂತ ಒದರು!"

"ಅಣ್ಣಾರ, ನೀವು ಕನ್ನಡದವರೇನ್ರಿ?"

"ಬಾಗಲಕೋಟಿ. ಅದನ್ನ ಆಮ್ಯಾಲ ಕೇಳವ್ವಾ, ಮೊದಲ ಒದರು!"

ಒದರಿದೆ. ಯಾರೋ ಪರೀಕ್ಷೆಗೆಂದು ತಂದ ಹೊಸ ಮಷೀನಿಗೆ ನಮ್ಮ ಸರ್ವರಿನ ಹೆಸರನ್ನೇ ಕೊಟ್ಟಿದ್ದರು. ಬೆಳಗಿನಿಂದ ಎಲ್ಲರ ಪಾಸ್‌ವರ್ಡೂ ಅದರ ಪಾಲು. ಅದನ್ನು ಕಿತ್ತು, ಎಲ್ಲರ ಪಾಸ್‌ವರ್ಡ್ ಬದಲಾಯಿಸಿದ ಮೇಲೆ, ಕೋಡ್ ಸಂಜೆಗೆ ಹೋಯಿತು. ರಮಣಣ್ಣ ತಾವಾಗಿಯೇ ಕುರ್ಚಿ ಸರಿಸಿ, ನನ್ನದನ್ನೂ ಸರಿಮಾಡು ಎಂದರು. ಶನಿವಾರ ಪತ್ರ ಕೈಗೆ ಬಂತು.

ಮಲ್ಲಣ್ಣ ಶಂಶಾಬಾದಿನ ನಮ್ಮ ಆಫೀಸಿಗೆ ಬಂದಾಗ ಎಲ್ಲರೆದುರು ನನ್ನನ್ನು ಹೊಗಳಿದ್ದು ತೆಲುಗಿನಲ್ಲಿ. ನಾನೂ ತೆಲುಗಿನಲ್ಲೇ ಉತ್ತರಿಸಿದೆ, ಒಂದೂ ತಪ್ಪಿಲ್ಲದೆ. ತೆಲುಗು ಇಷ್ಟು ಬೇಗ ನನ್ನ ನಾಲಿಗೆಗೆ ಹತ್ತಿದ್ದೂ ನನಗೊಂದು ಆಘಾತವೇ. ಈಗ ನಮ್ಮಲ್ಲೊಂದು ರೂಢಿ ಇದೆ: ವರ್ಷಕ್ಕೊಮ್ಮೆ ಸರ್ವರಿನ ಪ್ರಮಾಣಪತ್ರ ಬದಲಿಸುವ ಮುನ್ನ ಅವರು ಫೋನ್ ಮಾಡಿ "ಬರಕೋ ತಂಗಿ" ಎನ್ನುತ್ತಾರೆ. ಹೊಸ ಬೆರಳಚ್ಚನ್ನು ಕನ್ನಡದಲ್ಲಿ ಓದುತ್ತಾರೆ. ನಾನು ಬೇಕೆಂದೇ ಇನ್ನೊಮ್ಮೆ ಓದಿಸುತ್ತೇನೆ.