ಹತ್ತು ಶೇರಿನ ಮೃಣಾಲಿನಿ ಟೀಚರ್

ಯಲವಿಗಿಯ ಅಂಚಿನ ಮನೆಯಲ್ಲಿ ಒಬ್ಬರೇ ಇರುವ ನಿವೃತ್ತ ವಿಜ್ಞಾನ ಶಿಕ್ಷಕಿ ಮೃಣಾಲಿನಿಯವರ ಬಳಿ ಊರ ಪಕ್ಕದ ಸೋಲಾರ್ ಕಂಪನಿಯ ಶೇರುಗಳಿರುವುದು ಹತ್ತೇ ಹತ್ತು. ಜವಾಬ್ದಾರಿ ಮಾತ್ರ ಇಡೀ ಕಂಪನಿಯದು. ವರ್ಷಕ್ಕೊಮ್ಮೆ ಮೊಬೈಲಿನಲ್ಲಿ ನಡೆಯುವ ಶೇರುದಾರರ ಸಭೆಗೆ ಅವರು ಇಳಕಲ್ ಸೀರೆಯುಟ್ಟು, ಶಾಲೆಗೆ ಹೊರಟವರಂತೆ ಅರ್ಧ ತಾಸು ಮೊದಲೇ ಸಿದ್ಧರಾಗುತ್ತಾರೆ. ಉಳಿದವರೆಲ್ಲ ಲಾಭದ ಮಾತಾಡಿದರೆ ಇವರದು ಒಂದೇ ಪ್ರಶ್ನೆ: "ಬಿಸಿಲಿನ ಕರೆಂಟು ಭಾಳ ಚಲೋರಿ. ಆದ್ರ ನಿಮ್ಮ ಬೇಲಿ ಕುರಿಗೋಳ ದಾರಿ ಮುಚ್ಚೇದ. ಯಾವಾಗ ಬಿಡ್ತೀರಿ?" ಅಧ್ಯಕ್ಷರು "ಪರಿಶೀಲಿಸುತ್ತೇವೆ" ಎಂದರೆ, "ಹೋದ ವರ್ಷಾನೂ ಇದನ್ನ ಅಂದಿದ್ರಿ" ಎಂದು ತಾರೀಖಿನ ಸಮೇತ ನೆನಪಿಸುತ್ತಾರೆ. ಸಭೆಯಿಲ್ಲದ ತಿಂಗಳುಗಳಲ್ಲಿ ಪತ್ರ ಬರೆಯುತ್ತಾರೆ, ದೊಡ್ಡ ಹೂಡಿಕೆದಾರರ ವಿಳಾಸ ಹುಡುಕಿ ಅವರಿಗೂ ಬರೆಯುತ್ತಾರೆ. ನಾಲ್ಕನೆಯ ವರ್ಷ ಅಂಥವರಲ್ಲಿ ಇಬ್ಬರು ಇದೇ ಪ್ರಶ್ನೆ ಕೇಳಿದರು. ಕಂಪನಿ ಬೇಲಿಯ ನಡುವೆ ದಾರಿ ಬಿಟ್ಟಿತು. ಕುರಿ ಕಾಯುವ ಶಿವಬಸವ್ವ ಬಂದು, "ಅಕ್ಕೋರ, ಇನ್ನ ಸುತ್ತು ಹಾಕೂದು ತಪ್ಪಿತ್ರಿ" ಎಂದು ಕೈಮುಗಿದಳು. ಕಂಪನಿ ಬೇಲಿ ಹಾಕಿದ ಮೇಲೆ ಆ ಸುತ್ತುದಾರಿ ಮೃಣಾಲಿನಿಯವರ ಬಾಗಿಲ ಮುಂದೆಯೇ ಹಾಯುತ್ತಿತ್ತು. ದಿನಾ ಸಂಜೆ ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, "ಆರಾಮ ಅದೀರಿಲ್ರಿ?" ಎಂದು ಅವರನ್ನು ಕೇಳುತ್ತಿದ್ದವಳು ಶಿವಬಸವ್ವ ಒಬ್ಬಳೇ. ನಾಲ್ಕೂ ವರ್ಷ ಪ್ರಶ್ನೆ ಕೇಳುವಾಗ ಮೃಣಾಲಿನಿಯವರಿಗೆ ಇದು ಗೊತ್ತಿತ್ತು. "ಚಲೋ ಆತು ಬಿಡವಾ, ಕುರಿಗೋಳ ಕಾಲು ಉಳದ್ವು" ಎಂದರು. ಕೊಟ್ಟ ಚಹಾ ಕುಡಿದು ಶಿವಬಸವ್ವ ಕೋಲು ಹಿಡಿದು ಏಳುವಷ್ಟರಲ್ಲಿ ಅವರು ಒಳಗೆ ಹೋಗಿ ಒಲೆ ಹೊತ್ತಿಸಿದ್ದರು. "ಕುಂಡ್ರು, ಇನ್ನೊಮ್ಮೆ ಚಹಾ ಮಾಡ್ತೇನಿ."